ಬೀಳುವ ಮೊದಲು ಅವ್ವ ಹೇಗಿದ್ದಳು

ಅವ್ವನ ಆರೋಗ್ಯವನ್ನು ಯಾರು ವಿಚಾರಿಸಿದರೂ ನಮ್ಮ ಮನೆಯಲ್ಲಿ ಒಂದೇ ಉತ್ತರ: “ಅಷ್ಟಕ್ಕಷ್ಟರಿ.” ಗಟ್ಟಿಯಾಗಿದ್ದಾಳೆ ಎಂದರೆ ದೃಷ್ಟಿ ತಾಗುತ್ತದೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ಹಾಗಂತ ಪರೀಕ್ಷೆ ಮಾಡಿ ನೋಡುವ ಧೈರ್ಯವೂ ಇಲ್ಲ.

ಹೋದ ವರ್ಷದ ಬೇಸಿಗೆಯಲ್ಲಿ, ಬ್ಯಾಡಗಿಯಿಂದ ತಂದ ಮೆಣಸಿನಕಾಯಿಯನ್ನು ರಾಣೇಬೆನ್ನೂರಿನ ನಮ್ಮ ಮಾಳಿಗೆಯ ಮೇಲೆ ಒಣಹಾಕುವಾಗ ಅವ್ವ ಜಾರಿ ಬಿದ್ದಳು. ಸೊಂಟದ ಕೀಲಿನ ಎಲುಬು ಮುರಿಯಿತು. ಆ ಎಲುಬು ಮುರಿದ ಮುದುಕರು ವರ್ಷ ದಾಟುವುದು ಕಷ್ಟ ಎಂದು ಎಲ್ಲೋ ಕೇಳಿದ್ದೆ. ಇಂಥವನ್ನು ಮಾತ್ರ ನಾನು ಮರೆಯುವುದಿಲ್ಲ.

ಎಕ್ಸ್‌ರೇ ನೋಡಿದ ಡಾಕ್ಟರು ಎಲುಬಿನ ಮಾತೇ ಎತ್ತಲಿಲ್ಲ. “ಬೀಳೂಕಿಂತ ಮೊದಲ ಹೆಂಗಿದ್ರು?” ಎಂದರು.

ನನ್ನ ಬಾಯಿ ತಾನಾಗಿಯೇ ತೆರೆಯಿತು. “ಅಷ್ಟಕ್ಕಷ್ಟರಿ.”

ಡಾಕ್ಟರ ಮುಖ ಸಣ್ಣಗಾಯಿತು. “ಅಂದ್ರ? ಹಾಸಿಗಿ ಹಿಡಿದಿದ್ರೇನು?”

ಮಂಚದಿಂದ ಅವ್ವ ಗುಡುಗಿದಳು. “ಯಾರು ಹಿಡದಾರ ಹಾಸಿಗಿ? ಇವನ ಮಾತು ಕೇಳಬ್ಯಾಡ್ರಿ ಡಾಕ್ಟರ್ರ. ತನ್ನ ಮದುವಿ ದಿನಾನೂ ಅಷ್ಟಕ್ಕಷ್ಟ ಅದೇನಿ ಅಂದಾಂವ ಇಂವ. ಬ್ಯಾಡಗಿ ಪ್ಯಾಟಿ ತುಂಬ ಅಡ್ಡಾಡಿ ನಾನ ಕಾಯಿ ಆರಿಸಿ ತಂದೇನಿ. ನನಗೇನೂ ಇಲ್ಲ!”

“ಏನೂ ಇಲ್ಲೇನಬೇ? ಮಾಳಿಗಿ ಹತ್ತಿದ್ರ ದಮ್ಮು ಹತ್ತತಿತ್ತಲ್ಲ?” ಎಂದೆ ನಾನು.

“ಆ ಸುದ್ದಿ ಇಲ್ಲ್ಯಾಕೋ?”

ಡಾಕ್ಟರು ನಕ್ಕರು. “ಮಗಾ ಕಡಿಮಿ ಹೇಳ್ತಾರ, ಅವ್ವ ಹೆಚ್ಚು ಹೇಳ್ತಾರ. ನನಗ ಖರೇ ಬೇಕ್ರಿ. ಎಲುಬು ನಾ ಕೂಡಸ್ತೇನಿ. ಮುಂದ ಎಷ್ಟು ವರ್ಷ ಚಲೋ ಇರ್ತಾರ ಅನ್ನೂದು, ಮೊದಲ ಹೆಂಗಿದ್ರು ಅನ್ನೂದರ ಮ್ಯಾಲ ಭಾಳ ಐತಿ. ಹಾರ್ಟು, ಶುಗರು, ನಡಿಗಿ, ನೆನಪು, ಎಲ್ಲಾ.”

ಹೆದರಿಕೆಯ ನಡುವೆಯೂ ನನಗೆ ಸೋಜಿಗವಾಯಿತು. ಮುಂದೆ ಏನಾದೀತು ಎಂದು ಚಿಂತಿಸುವುದರಲ್ಲೇ ಅರ್ಧ ಆಯುಷ್ಯ ಕಳೆದವನು ನಾನು. ಹಿಂದಿನದೂ ಲೆಕ್ಕಕ್ಕೆ ಬರುತ್ತದೆಂದು ಹೊಳೆದಿರಲೇ ಇಲ್ಲ. ಬೇಡವೆಂದರೂ ಅವ್ವ ದಿನವೂ ಮಾಳಿಗೆ ಹತ್ತಿ ಇಳಿದಿದ್ದಳಲ್ಲ, ಅದು ಅವಳನ್ನು ಬೀಳಿಸಿತೇ, ಉಳಿಸಲಿತ್ತೇ?

ದಮ್ಮಿನ ಮಾತು ಕೇಳಿದ ಡಾಕ್ಟರು ಹೇಳಿದ್ದರಿಂದ ಮೊದಲು ಹಾವೇರಿಯ ಹೃದಯದ ಡಾಕ್ಟರಿಗೆ ತೋರಿಸಿದೆವು. ಗುಳಿಗೆ ಶುರುವಾದ ಮೇಲೆಯೇ ಆಪರೇಷನ್ ಆಯಿತು.

ಈಗ ವರ್ಷ ದಾಟಿದೆ. ಮೊನ್ನೆ ತೋರಿಸಲು ಹೋದಾಗ ಆಸ್ಪತ್ರೆಯ ಲಿಫ್ಟ್ ಕೆಟ್ಟಿತ್ತು. ಅವ್ವ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಕಂಬಿ ಹಿಡಿದು, ನಿಂತು ನಿಂತು ಮೆಟ್ಟಿಲು ಹತ್ತಿದಳು. ನಾನು ಏದುಸಿರು ಬಿಡುತ್ತ ಹಿಂದೆ ಬಂದೆ.

“ಹೆಂಗದೀರಿ ಅಜ್ಜಿ?” ಎಂದರು ಡಾಕ್ಟರು.

“ನಂದು ಬಿಡ್ರಿ. ಇಂವಾ ಇನ್ನಾ ಬಿದ್ದಿಲ್ಲ. ಈಗ ಹೆಂಗದಾನ, ಮೊದಲ ಕೇಳಿ ಇಟಗೊಳ್ರಿ.”

ಇಬ್ಬರೂ ನನ್ನತ್ತ ನೋಡಿದರು. ಅಷ್ಟಕ್ಕಷ್ಟ ಎನ್ನಲಿಕ್ಕೂ ನನಗೆ ಉಸಿರು ಸಿಗಲಿಲ್ಲ.