ಏಳು ವರ್ಷದ ಸಪ್ಪೆ ಹಬ್ಬ

ಗೌರಿ ಹಬ್ಬಕ್ಕೆಂದು ಅಟ್ಟದ ಪಾತ್ರೆಗಳನ್ನು ಇಳಿಸಿ ತೊಳೆಯುವಾಗ ಆ ಸ್ಟೀಲ್ ತಟ್ಟೆ ಕೈಗೆ ಬಂತು. ಅಂಚಿನಲ್ಲಿ ಎದುರುಮನೆ ಅಕ್ಕನ ಹೆಸರು ಕೊರೆಸಿದೆ. ಎಷ್ಟು ಉಜ್ಜಿದರೂ ಆ ಹೆಸರು ಹೋಗುವುದಿಲ್ಲ, ಉಜ್ಜಿ ನೋಡಿದ್ದೇನೆ. ಎದುರಿಗೆ ಸಿಕ್ಕಾಗ ಅಕ್ಕ ಎನ್ನುತ್ತಿದ್ದೆ, ನೀವು ಎನ್ನುತ್ತಿದ್ದೆ. ಮನಸ್ಸಿನೊಳಗೆ ಮಾತ್ರ ಆಕೆಗೆ ಏಕವಚನವೇ, ಈಗಲೂ.

ನಮ್ಮ ಯಜಮಾನರು ತಾಲ್ಲೂಕು ಕಚೇರಿಯಿಂದ ರಿಟೈರ್ ಆದ ವರ್ಷವೇ ಎದೆನೋವು ಬಂತು. ಹಾಸನಕ್ಕೆ ಕರೆದೊಯ್ದು ಸ್ಟೆಂಟ್ ಹಾಕಿಸಿದೆವು. ಮನೆಗೆ ಕಳಿಸುವಾಗ ಡಾಕ್ಟರು ನನ್ನನ್ನೇ ಕರೆದು ಹೇಳಿದರು, "ಬೇರೆ ದಿನ ಎಲ್ಲರೂ ಪಥ್ಯ ಮಾಡ್ತಾರಮ್ಮ. ಗಣೇಶನಿಂದ ದೀಪಾವಳಿವರೆಗೂ ನೀವು ಹುಷಾರಾಗಿರಿ." ಉಪ್ಪು ಕಮ್ಮಿ, ತುಪ್ಪ ಬೇಡ, ಕೊಬ್ಬರಿ ಬೇಡ, ಕರಿದದ್ದು ಬೇಡವೇ ಬೇಡ. ಕೊಬ್ಬರಿಗೇ ಹೆಸರಾದ ಅರಸೀಕೆರೆಯಲ್ಲಿ ಕೂತು ಕೊಬ್ಬರಿ ಇಲ್ಲದ ಹಬ್ಬ ಮಾಡಬೇಕು! ಮಾಡಿದೆ. ಹೆಸರುಬೇಳೆ ಹೂರಣದ ಕಡುಬನ್ನು ಹಬೆಯಲ್ಲಿ ಬೇಯಿಸಿದೆ, ಕೋಸಂಬರಿಗೆ ತೆಂಗಿನತುರಿ ಬಿಟ್ಟು ಬರೀ ನಿಂಬೆಹಣ್ಣು ಹಿಂಡಿದೆ, ಅವರಿಗೆಂದೇ ಉಪ್ಪಿಲ್ಲದ ಸಾರನ್ನು ಬೇರೆ ಪಾತ್ರೆಯಲ್ಲಿ ಮಾಡಿದೆ. ಬಡಿಸಿ ಒಳಗೆ ಹೋಗಿಬಿಡುತ್ತಿದ್ದೆ. ಅವರು ತುತ್ತು ನುಂಗುವಾಗಿನ ಮುಖ ನೋಡುವುದಕ್ಕೆ ನನ್ನಿಂದ ಆಗುತ್ತಿರಲಿಲ್ಲ.

ಎದುರುಮನೆಯಾಕೆಗೆ ಇದೆಲ್ಲ ತಮಾಷೆ. ಆಕೆಯ ತವರು ಜಾವಗಲ್. ಅಲ್ಲಿಂದ ಬೆಣ್ಣೆ ಬರುತ್ತಿತ್ತು, ವೀಳ್ಯದೆಲೆ ಹಾಕಿ ಕಾಯಿಸಿದರೆ ಬೀದಿಗೆಲ್ಲ ಘಮ. ಅರಿಶಿನ ಕುಂಕುಮಕ್ಕೆ ಬೀದಿಯ ಹೆಂಗಸರೆಲ್ಲ ಸೇರಿದ್ದಾಗ ನನ್ನ ಎದುರಿಗೇ ಹೇಳಿದಳು, "ಇವಳು ಗಂಡಂಗೆ ಹಬ್ಬದ ದಿನಾನೂ ಗಂಜಿ ಕುಡಿಸ್ತಾಳೆ ಕಣ್ರೀ. ನಮ್ಮನೇಲಿ ನಾಯಿನೂ ಹಂಗೆ ತಿನ್ನಲ್ಲ." ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗುವನ್ನು ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ.

ಹಬ್ಬ ಹಬ್ಬಕ್ಕೂ ಆಕೆಯ ತಟ್ಟೆ ಬರುತ್ತಿತ್ತು. ಕೊಬ್ಬರಿ ಒಬ್ಬಟ್ಟು, ಚಕ್ಕುಲಿ, ಪಕ್ಕದಲ್ಲಿ ತುಪ್ಪದ ಬಟ್ಟಲು. ಒಬ್ಬಟ್ಟನ್ನು ಹೂ ಮಾರುವವಳಿಗೆ ಕೊಟ್ಟು, ತಟ್ಟೆ ತೊಳೆದು ಒಂದು ಹಿಡಿ ಸಕ್ಕರೆ ಹಾಕಿ ಹಿಂದಿರುಗಿಸುತ್ತಿದ್ದೆ. ನಮ್ಮ ಬೀದಿಯಲ್ಲಿ ಬಂದ ತಟ್ಟೆಯನ್ನು ಖಾಲಿ ಕಳಿಸುವ ಪದ್ಧತಿ ಇಲ್ಲ. ಅಷ್ಟಕ್ಕೇ ಗೆದ್ದೆ ಎಂದುಕೊಂಡಿದ್ದೆ.

ದಿನಾ ಬೆಳಿಗ್ಗೆ ಇವರು ಶಿವಾಲಯದವರೆಗೆ ವಾಕಿಂಗ್ ಎಂದು ಹೊರಡುತ್ತಿದ್ದರು. ನಾನು ಬಾಗಿಲು ಹಾಕಿಕೊಂಡು ಹಿಂದಿನ ಅಡುಗೆಮನೆ ಸೇರುತ್ತಿದ್ದೆ. ದೀಪಾವಳಿಯ ಪಾಡ್ಯದ ಬೆಳಿಗ್ಗೆ ಅವರು ವಾಕಿಂಗ್ ಮುಗಿಸಿ ಬಂದು, ಬೂಟು ಬಿಚ್ಚಲು ಬಗ್ಗಿದವರು ಮೇಲೇಳಲಿಲ್ಲ. ಆಸ್ಪತ್ರೆಯವರು ಅಂಗಿ ಬಿಚ್ಚಿ ನನ್ನ ಕೈಗೆ ಕೊಟ್ಟರು. ಜೇಬಿನಲ್ಲಿ ಕಾಗದದಲ್ಲಿ ಸುತ್ತಿದ ಅರ್ಧ ಒಬ್ಬಟ್ಟು, ತುಪ್ಪ ಸೋರಿ ಅಂಗಿಗೆಲ್ಲ ಅಂಟಿತ್ತು... ಆಮೇಲೆ ಹೂ ಮಾರುವವಳು ಹೇಳಿದಳು, ಅವರು ವಾಕಿಂಗ್ ಹೋಗುತ್ತಿದ್ದದ್ದು ಶಿವಾಲಯಕ್ಕಲ್ಲ, ಎದುರುಮನೆಯ ಜಗಲಿಗೆ, ಮಲ್ಲಿಗೆ ಬಳ್ಳಿಯ ಮರೆಗೆ. ಅದರಿಂದಲೇ ಹೀಗಾಯಿತು ಎಂದು ಹೇಳಲಾಗುವುದಿಲ್ಲ ಎಂದರು ಡಾಕ್ಟರು. ನಾನು ಹೇಳಬಲ್ಲೆ.

ಹದಿಮೂರನೆಯ ದಿನ ಆಕೆ ಬಂದು ನನ್ನ ಪಕ್ಕ ಕೂತು ಕಣ್ಣೊರೆಸಿಕೊಂಡು, "ಏನೋ, ಹೋಗೋ ಮುಂಚೆ ಬಾಯಿಗೆ ರುಚಿಯಾಗಿ ತಿಂದ್ರು ಬಿಡು" ಎಂದಳು. ವರ್ಷವಿಡೀ ಮನೆಯಲ್ಲಿ ಹಬ್ಬವಿಲ್ಲ. ಆ ದೀಪಾವಳಿಗೆ ಬಂದಿದ್ದ ತಟ್ಟೆ ನನ್ನಲ್ಲೇ ಉಳಿಯಿತು. ಇದನ್ನು ತುಂಬಿಸಿಯೇ ಹಿಂದಿರುಗಿಸುತ್ತೇನೆ ಎಂದು ಅವತ್ತೇ ನಿಶ್ಚಯ ಮಾಡಿದೆ.

ನಾಲ್ಕು ವರ್ಷ ಕಾದೆ. ಶ್ರಾವಣದಲ್ಲಿ ಆಕೆಗೂ ಎದೆನೋವು ಬಂತು, ಹಾಸನದ ಅದೇ ಆಸ್ಪತ್ರೆ, ಅದೇ ಪಥ್ಯದ ಚೀಟಿ. ಸುದ್ದಿ ಕೇಳಿದಾಗ ನನಗೆ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ಆಕೆಯ ಸೊಸೆ ಗಂಡಸಿ ಊರಿನ ಶಾಲೆಯಲ್ಲಿ ಟೀಚರು, ಬೆಳಿಗ್ಗೆ ಬಸ್ಸಿಗೆ ಹೊರಟರೆ ಬರುವುದು ಸಂಜೆಗೆ. "ಆಂಟಿ, ಪಥ್ಯದ ಅಡುಗೆ ನಿಮಗೆ ಗೊತ್ತಲ್ಲ, ಮಧ್ಯಾಹ್ನದ್ದು ಒಂದು ನೋಡ್ಕೋತೀರಾ?" ಎಂದು ಕೇಳಿದಳು. ಮೊದಲು ನನ್ನ ತಲೆಗೆ ಬಂದದ್ದು ತುಪ್ಪದಲ್ಲಿ ಮುಳುಗಿದ ಒಬ್ಬಟ್ಟೇ. ಆಮೇಲೆ ಯೋಚಿಸಿದೆ. ಅದು ಅರ್ಧ ಗಂಟೆಯ ಸೇಡು. ಆಕೆ ಬದುಕಬೇಕು, ಬದುಕಿ ಒಂದೊಂದು ಹಬ್ಬವನ್ನೂ ಸಪ್ಪೆ ತಿನ್ನಬೇಕು.

ಗಣೇಶನ ಹಬ್ಬದ ದಿನ ಆಕೆಯದೇ ತಟ್ಟೆಯಲ್ಲಿ ಹಬೆಯ ಕಡುಬು, ಉಪ್ಪಿಲ್ಲದ ಸಾರು, ರಾಗಿಮುದ್ದೆ ಇಟ್ಟುಕೊಂಡು ಹೋದೆ.

"ಒಂಚೂರು ಉಪ್ಪು ಹಾಕೇ, ನಿನ್ನ ದಮ್ಮಯ್ಯ."

"ಡಾಕ್ಟ್ರು ಬೇಡ ಅಂದಿದಾರಲ್ಲಕ್ಕ."

ನಾನು ಮನೆಗೆ ಹೋದರೆ ಆಕೆ ಅದನ್ನು ಚೆಲ್ಲುವವಳೇ. ಅದಕ್ಕೇ ಎದುರಿಗೆ ಕೂತು, ಅದೇ ಊಟವನ್ನು ನಾನೂ ಬಡಿಸಿಕೊಂಡು, ಕೊನೆಯ ತುತ್ತಿನವರೆಗೂ ಕಾಯುತ್ತಿದ್ದೆ. ಊಟವಾದ ಮೇಲೆ ತಟ್ಟೆ ತೊಳೆದು ವಾಪಸ್ ತರುತ್ತಿದ್ದೆ. "ನನ್ ತಟ್ಟೆ ಇಟ್ಟು ಹೋಗೇ" ಎಂದರೆ "ನಾಳೆಗೆ ಬೇಕಲ್ಲಕ್ಕ" ಎನ್ನುತ್ತಿದ್ದೆ. ದಸರೆಗೆ ಬರೀ ಬೇಯಿಸಿದ ಕಡಲೆಕಾಳು, ದೀಪಾವಳಿಗೆ ಎಣ್ಣೆ ಮುಟ್ಟದ ರೊಟ್ಟಿ. ಬೀದಿಯಲ್ಲಿ ಕಜ್ಜಾಯ ಕರಿಯುವ ವಾಸನೆ ಬಂದರೆ ಆಕೆಯ ಮೂಗು ಅರಳುತ್ತಿತ್ತು, ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು. ಹೀಗೆ ಏಳು ವರ್ಷ! ಡಾಕ್ಟರು ಆಕೆಯ ರಿಪೋರ್ಟು ನೋಡಿ ಮೆಚ್ಚಿ, ಅಡುಗೆ ಮಾಡುವವರು ಯಾರು ಎಂದು ಕೇಳಿದರಂತೆ.

ಮೂರನೆಯ ದೀಪಾವಳಿಯೋ ನಾಲ್ಕನೆಯದೋ... ಆಕೆ ಉಣ್ಣುತ್ತ ಉಣ್ಣುತ್ತ ಕೈ ನಿಲ್ಲಿಸಿ ನನ್ನ ತಟ್ಟೆಯನ್ನೇ ನೋಡಿದಳು.

"ನಿಂದೂ ಇದೇ ಸಾರಾ?"

"ಇದೇ."

"ನಿಮ್ ಯಜಮಾನ್ರಿಗೆ ಮಾಡ್ತಿದ್ದಾಗ ನಿಂಗೆ ಬೇರೆ ಮಾಡ್ಕೋತಿದ್ದೆಯಂತೆ, ಉಪ್ಪು ಹಾಕಿ. ಅಡುಗೆಮನೇಲಿ ನಿಂತೇ ಉಣ್ತಿದ್ದೆಯಂತೆ. ಅವ್ರೇ ಹೇಳೋರು. ಒಬ್ರೇ ಕೂತು ತಿನ್ನಕ್ಕೆ ಬೇಜಾರು ಅಂತ ನಮ್ಮನೆ ಜಗಲಿಗೆ ಬರೋರು. ಬಂದವ್ರಿಗೆ ಏನೂ ಕೊಡದೆ ಹೆಂಗಿರ್ಲೇ ನಾನು?"

ಮಾರನೆಯ ದಿನ ಮಜ್ಜಿಗೆಗೂ ಉಪ್ಪು ಹಾಕಲಿಲ್ಲ ನಾನು.

ಕಳೆದ ಚಳಿಗಾಲದಲ್ಲಿ ಆಕೆ ಹೋದಳು, ಹೃದಯದಿಂದಲ್ಲ, ವಯಸ್ಸಾಗಿ. ಸೊಸೆಗೆ ವರ್ಗವಾಗಿ ಮನೆಗೆ ಬೀಗ ಬಿದ್ದಿದೆ. ಏಳು ವರ್ಷ ಆಕೆಯನ್ನು ಉಳಿಸಿದ್ದು ಈ ಕೈ. ಆ ಏಳು ವರ್ಷ ನಮ್ಮವರಿಗೆ ಸಿಗಬೇಕಿತ್ತು. ಆಕೆಯನ್ನು ಕ್ಷಮಿಸಿಲ್ಲ ನಾನು, ಕ್ಷಮಿಸುವುದೂ ಇಲ್ಲ.

ಆದರೂ ಈ ಸಲ ಗಣೇಶನ ಹಬ್ಬಕ್ಕೆ ಅಭ್ಯಾಸಬಲದಿಂದ ಇಬ್ಬರಿಗಾಗುವಷ್ಟು ಕಡುಬು ಮಾಡಿದ್ದೆ. ಆ ತಟ್ಟೆಯಲ್ಲೇ ಹಾಕಿಕೊಂಡು ಬೀದಿ ದಾಟಿ ಹೋಗಿ, ಬೀಗ ಹಾಕಿದ ಮನೆಯ ಜಗಲಿಯ ಮೇಲೆ, ಒಣಗಿದ ಮಲ್ಲಿಗೆ ಬಳ್ಳಿಯ ಹಿಂದೆ, ಅವರು ಕೂರುತ್ತಿದ್ದ ಜಾಗದಲ್ಲಿ ಕೂತೆ. ಒಂದು ಸಪ್ಪೆ ಕಡುಬು ಮುರಿದು ತಟ್ಟೆಯಲ್ಲೇ ಬಿಟ್ಟೆ. ಬಳ್ಳಿಯ ಸಂದಿಯಿಂದ ನೇರಕ್ಕೆ ನನ್ನ ಮನೆ ಕಾಣುತ್ತಿತ್ತು... ದಿನಾ ಬೆಳಿಗ್ಗೆ ಅವರು ನೋಡುತ್ತ ಕೂತಿರುತ್ತಿದ್ದ, ನಾನು ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದ, ಅದೇ ಬಾಗಿಲು.