ಕೀಲಿ ನನ್ನ ಜೇಬಿನಲ್ಲೇ ಇತ್ತು

ಪವಾಡ ಗಿವಾಡ ಅಂದರೆ ನಗುವವನು ನಾನು. ಈಗಲೂ ನಗುತ್ತೇನೆ, ಆದರೆ ಮೊದಲಿನ ಗತ್ತು ಉಳಿದಿಲ್ಲ. ನಾಲ್ಕು ವರ್ಷದ ಹಿಂದೆ ಗಾರ್ಕಿಂಗ್ ಎಂಬ ಜರ್ಮನ್ ಊರಿನ ಹೊಲದಲ್ಲಿ ಒಂದು ಸಂಜೆ ನಡೆದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ನಂಬುವುದು, ಬಿಡುವುದು ನಿಮಗೆ ಸೇರಿದ್ದು.

ನಮ್ಮದು ಮೋಡಬಿತ್ತನೆ ಪ್ರಾಜೆಕ್ಟು. ಚಳಿಗಾಲದಲ್ಲಿ ಅಲ್ಲಿ ಮೋಡ ತಲೆ ಮೇಲೇ ಕೂತಿರುತ್ತದೆ. ಡ್ರೋನಿಗೆ ಸಿಲ್ವರ್ ಅಯೋಡೈಡ್ ಎಂಬ ಬೆಳ್ಳಿಯ ಲವಣ ತುಂಬಿದ ಕೊಳವೆ ಕಟ್ಟಿ ಮೋಡದೊಳಗೆ ಕಳಿಸಿ ಹೊತ್ತಿಸಿದರೆ ಹಿಮ ಬೀಳಬೇಕು. ಎರಡು ಚಳಿಗಾಲ ಕಳೆದರೂ ನಮ್ಮ ಬಿತ್ತನೆಯಿಂದ ಒಂದು ಚೂರೂ ಬಿದ್ದಿರಲಿಲ್ಲ. ಅವತ್ತಿನದು ಕೊನೆಯ ಹಾರಾಟ. ಅದೂ ಕೈಕೊಟ್ಟರೆ ನನ್ನ ಕಾಂಟ್ರ್ಯಾಕ್ಟ್ ಮುಗಿಯಿತು, ಹಿಂದೆಯೇ ವೀಸಾ. "ಇವತ್ತೂ ಆಗಲಿಲ್ಲಂದ್ರ ಗಂಟುಮೂಟಿ ಕಟ್ಟೂದ ಏನ್ರಿ?" ಅಂತ ಬೆಳಗ್ಗೆ ಹೆಂಡತಿ ಕೇಳಿದ್ದಳು. ಮಗಳಿಗೆ ಮೂರು ದಿನದಿಂದ ಜ್ವರ. ಇಬ್ಬರೂ ನಿದ್ದೆಗೆಟ್ಟು ಸೋತುಹೋಗಿದ್ದೆವು.

ಡ್ರೋನಿಗೆ ಒಂದು ಕೆಂಪು ಕೀಲಿ ಸಿಕ್ಕಿಸದೆ ಕೊಳವೆಗೆ ಕರೆಂಟ್ ಹರಿಯುವುದಿಲ್ಲ. ಕೈಯಲ್ಲೇ ಹೊತ್ತಿಕೊಳ್ಳಬಾರದಲ್ಲ, ಅದಕ್ಕೆ. ಕೀಲಿ ಒಬ್ಬನ ಹತ್ತಿರವೇ ಇರಬೇಕು, ಆ ಒಬ್ಬ ನಾನು. ಚೆಕ್‌ಲಿಸ್ಟ್ ಬಾಯಿಪಾಠವಾಗಿತ್ತು. ಸಾಲಾಗಿ ಟಿಕ್ ಹಾಕಿ ಸಹಿ ಮಾಡಿದೆ.

ಡ್ರೋನ್ ಮೋಡದೊಳಗೆ ಹೋಯಿತು. ನಮ್ಮ ಮುಖ್ಯಸ್ಥೆ ಸಬೀನ ಬಟನ್ ಒತ್ತಿದಳು. ಹತ್ತು ನಿಮಿಷಕ್ಕೆ ಹಿಮ ಶುರುವಾಯಿತು. ಗಾಳಿಯ ಲೆಕ್ಕ ಹಾಕಿ ಹಿಮ ಹಿಡಿಯಲು ನಾವು ಟ್ರೇ ಇಟ್ಟಿದ್ದ ನೆಲದ ಪಟ್ಟಿಯಲ್ಲೇ, ಯು-ಬಾನ್ ಮೆಟ್ರೋ ಹಳಿಯವರೆಗೆ. ಹೊಲದಂಚಿನ ರಸ್ತೆಯ ಆಚೆ ಒಂದು ಹರಳೂ ಇಲ್ಲ! ಸಬೀನ ಅಳುತ್ತಿದ್ದಳು. ಅವಳಿಗೆ ಟಿಶ್ಯೂ ಕೊಡೋಣ ಅಂತ ಜೇಬಿಗೆ ಕೈ ಹಾಕಿದೆ. ಕೀಲಿ ಸಿಕ್ಕಿತು.

ಡ್ರೋನ್ ಇಳಿದಾಗ ನೋಡಿದರೆ ನಾಲ್ಕೂ ಕೊಳವೆ ಹಾಗೇ ಇದ್ದವು, ಒಂದೂ ಉರಿದಿರಲಿಲ್ಲ. ಕೊಳವೆ ಬಿಚ್ಚುವವನೂ ನಾನೇ, ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಒಂದು ನಿಮಿಷ ಆ ಆಸೆ ಬಂತು, ಯಾಕೆ ಸುಳ್ಳು ಹೇಳಲಿ. ಆಮೇಲೆ ಕೀಲಿಯನ್ನು ಸಬೀನಳಿಗೆ ತೋರಿಸಿದೆ. ಅವಳು ಕಣ್ಣೊರೆಸಿಕೊಂಡು, "ಬಿತ್ತನೆ ನಡೆಯಲಿಲ್ಲ, ತಾನಾಗಿ ಬಿದ್ದ ಹಿಮ" ಅಂತ ವರದಿಯಲ್ಲಿ ಬರೆದಳು. ಪ್ರಾಜೆಕ್ಟು ಅಲ್ಲಿಗೆ ಮುಗಿಯಿತು.

ಆರು ವಾರಕ್ಕೆ, ನಾನೂ ಹೆಂಡತಿಯೂ ಮನೆ ಸಾಮಾನು ಡಬ್ಬಿಗೆ ಕಟ್ಟುತ್ತಿದ್ದಾಗ, ಅವಳ ಫೋನ್ ಬಂತು. ಲ್ಯಾಬಿಗೆ ಕಳಿಸಿದ್ದ ಟ್ರೇಯ ಹಿಮದಲ್ಲಿ ಬೆಳ್ಳಿ ಸಿಕ್ಕಿದೆಯಂತೆ, ಹೊತ್ತಿಸಿದ್ದರೆ ಎಷ್ಟಿರಬೇಕೋ ಅಷ್ಟೇ. ಟ್ರೇ ಹಳೆಯವು, ಹಿಂದಿನ ಬೆಳ್ಳಿ ಅಂಟಿತ್ತು ಅನ್ನೋಣವೆಂದರೆ ಅವುಗಳ ಪ್ಲಾಸ್ಟಿಕ್ ಅವತ್ತೇ ಹೊಸದಾಗಿ ಬಿಚ್ಚಿದ್ದು ನಾನು.

"ಇನ್ನೊಂದು ಸಲ ಯೋಚಿಸಿ ಹೇಳು," ಅಂದಳು ಮೆಲ್ಲಗೆ. "ಕೀಲಿ ನಿಜವಾಗಿಯೂ ಜೇಬಿನಲ್ಲೇ ಇತ್ತಾ?"

ನೆನಪಿಲ್ಲ ಅಂದಿದ್ದರೆ ಸಾಕಿತ್ತು. ಅವಳ ಕೆಲಸ ಉಳಿಯುತ್ತಿತ್ತು, ನನ್ನದೂ. ಹೆಂಡತಿ ಟೇಪು ಹಿಡಿದು ನನ್ನನ್ನೇ ನೋಡುತ್ತಿದ್ದಳು.

"ಜೇಬಿನಲ್ಲೇ ಇತ್ತು," ಅಂದೆ.

ನಾಲ್ಕು ತಿಂಗಳು ಅಲೆದು ಹ್ಯಾನೋವರ್‌ನ ಗೋದಾಮೊಂದರಲ್ಲಿ ಕೆಲಸ ಹಿಡಿದೆ. ಆ ಬೆಳ್ಳಿ ಎಲ್ಲಿಂದ ಬಂತೋ, ದೇವರಾಣೆ, ಗೊತ್ತಿಲ್ಲ. ಯೋಚಿಸಿ ಯೋಚಿಸಿ ದಣಿದಿದ್ದೇನೆ. ಹಿಮ ಬಿದ್ದ ದಿನ ಕೋಟಿನ ಜೇಬಿಗೆ ಕೈ ಹಾಕಲು ಈಗಲೂ ಹೆದರುತ್ತೇನೆ.