ಮುನಿಯಕ್ಕನಿಗೆ ಹೇಳದ ಮಾತು

ನಿನ್ನೆ ಮೇಲಿನ ಮನೆಯ ಹುಡುಗಿ ಕಂಕುಳಲ್ಲಿ ಮಗು, ಕೈಯಲ್ಲಿ ಭೇದಿಗೆ ಕೊಡುವ ಪುಡಿಯ ಪೊಟ್ಟಣ ಹಿಡಿದು ಬಾಗಿಲಿಗೆ ಬಂದಳು. “ಆಂಟಿ, ನೀರಲ್ಲಿ ಕಲಸಿ ಕುಡಿಸಿ ಅಂದ್ರು ಡಾಕ್ಟ್ರು. ಕುಡಿಸ್ಲಾ?” ನೋಡಿ, ನನ್ನ ಓದು ಎಸ್ಸೆಸ್ಸೆಲ್ಸಿಗೇ ಮುಗಿದದ್ದು, ಆದರೂ ತಲೆ ಬೆಳ್ಳಗಾದದ್ದೇ ತಡ, ಡಾಕ್ಟರ ಮೇಲೊಬ್ಬ ಡಾಕ್ಟರಾಗಿಬಿಟ್ಟಿದ್ದೇನೆ. ಧಾರಾಳವಾಗಿ ಕುಡಿಸು ಅಂದೆ.

ಅರವತ್ತರ ದಶಕದ ಕೊಡಿಗೇಹಳ್ಳಿಯಲ್ಲಿ ಈ ಪಟ್ಟ ಮುನಿಯಕ್ಕನದು. ಒಂಬತ್ತು ಹೆತ್ತು ಒಂಬತ್ತನ್ನೂ ಉಳಿಸಿಕೊಂಡವಳು. ಅದಕ್ಕಿಂತ ದೊಡ್ಡ ಡಿಗ್ರಿ ಯಾವುದು? ಮಗುವನ್ನೆತ್ತಿಕೊಂಡು ಯಲಹಂಕದ ಆಸ್ಪತ್ರೆಗೆ ಹೊರಟವರೂ ಮೊದಲು ಅವಳ ಜಗಲಿ ಹತ್ತುತ್ತಿದ್ದರು. ಅರ್ಧಕ್ಕರ್ಧ ಜನ ಅಲ್ಲಿಂದಲೇ ವಾಪಸು. ಮಗು ಗುಣವಾದರೆ ಎಲೆ ಅಡಿಕೆ, ಬಾಳೆಹಣ್ಣು ಕೊಟ್ಟು ಬರುವುದು ವಾಡಿಕೆ.

ನನ್ನ ತಮ್ಮನಿಗೆ ವರ್ಷ ತುಂಬುವ ಮೊದಲೇ ಭೇದಿ ಹಿಡಿಯಿತು. “ಒಂದ್ ತೊಟ್ಟೂ ನೀರು ಕೊಡ್ಬೇಡ ಕಣಮ್ಮಾ. ಒಟ್ಟೆಗೆ ನೀರು ಬಿದ್ರೆ ಇನ್ನೂ ಜಾಸ್ತಿ ಆಯ್ತದೆ” ಎಂದಳು ಮುನಿಯಕ್ಕ. ಪೇಟೆಯಿಂದ ಸೊಸೆಯಾಗಿ ಬಂದಿದ್ದ ಅಮ್ಮ ತಲೆಯಾಡಿಸಿದಳು. ಆದರೆ ಒಣಗಿದ ಆ ತುಟಿ ನೋಡಲಾರದೆ, ಬಾಗಿಲು ಹಾಕಿಕೊಂಡು, ಉಪ್ಪು ಬೆರೆಸಿದ ಗಂಜಿತಿಳಿಯನ್ನು ಗುಟುಕು ಗುಟುಕಾಗಿ ಕುಡಿಸಿದಳು. ತನ್ನ ಮಗುವಿಗೇ ಕದ್ದು ಕುಡಿಸಿದಳು ಅನ್ನಿ. ಮೂರು ದಿನಕ್ಕೆ ತಮ್ಮ ಚೇತರಿಸಿಕೊಂಡ. ಅಮ್ಮ ಬಾಳೆಹಣ್ಣು ಹಿಡಿದು ಹೋಗಿ, “ನೀವು ಹೇಳ್ದಂಗೇ ಮಾಡ್ದೆ ಅಕ್ಕ, ಉಳ್ಕೊಂಡ” ಎಂದು ಹೇಳಿ ಬಂದಳು. ಹಿರಿಯರ ಮುಖಕ್ಕೆ ಹೊಡೆದ ಹಾಗೆ ನಿಜ ಹೇಳುವ ಧೈರ್ಯ ಅವಳಿಗಿರಲಿಲ್ಲ. ನನಗೂ ಇರುತ್ತಿರಲಿಲ್ಲ.

ಅದೇ ಬೇಸಿಗೆಯಲ್ಲಿ ಹಿಂದಿನ ಬೀದಿಯ ರತ್ನಳ ಕೂಸು ಭೇದಿಯಾಗಿ ತೀರಿಕೊಂಡಿತು. ದೇವರಿಚ್ಛೆ ಎಂದರು ಎಲ್ಲರೂ. ಅಮ್ಮನೂ ಅಂದಳು.

ಆಮೇಲೆ ಮುನಿಯಕ್ಕನ ಮೊಮ್ಮಗಳಿಗೇ ಬಂತು. ಬಾವಿಕಟ್ಟೆಯಲ್ಲಿ ಸುದ್ದಿ ಕೇಳಿದ ಅಮ್ಮ ಕೊಡವನ್ನು ಅಲ್ಲೇ ಬಿಟ್ಟು ಓಡಿದಳು, ಹಿಂದೆ ನಾನು.

“ನೀರು ಕೊಡಿ ಅಕ್ಕ! ಅವತ್ತು ನಾನು ಸುಳ್ಳು ಹೇಳ್ದೆ. ಕದ್ದು ಗಂಜಿ ಕುಡ್ಸಿದ್ದೆ. ಅದಕ್ಕೇ ಅವನು ಉಳ್ದಿದ್ದು.”

ಮುನಿಯಕ್ಕ ಬೈಯಲಿಲ್ಲ. ಸೊಸೆಗೆ ನೀರು ತರಲು ಹೇಳಿ, ಅಮ್ಮನ ಮುಖ ನೋಡಿದಳು.

“ರತ್ನಂಗೂ ನಿನ್ನ ಮಗನ್ನೇ ತೋರ್ಸಿ ಯೋಳಿದ್ನಲ್ಲೇ... ನೀರು ಕೊಡ್ದೇನೇ ಉಳ್ಕೊಂಡ ಅಂತ.”

ಮೊಮ್ಮಗಳು ಬದುಕಿದಳು. ಮುನಿಯಕ್ಕ ಜಗಲಿಗೆ ಬಂದವರಿಗೆಲ್ಲ “ನಂಗೊತ್ತಿಲ್ಲ, ಆಸ್ಪತ್ರೆಗೆ ಓಗ್ರವ್ವ” ಎನ್ನತೊಡಗಿದಳು. ಅಮ್ಮ ರತ್ನಳ ಬೀದಿಗೆ ಮತ್ತೆ ಕಾಲಿಡಲಿಲ್ಲ.

ಇವತ್ತು ಬೆಳಿಗ್ಗೆ ಮೇಲಿನ ಮನೆಯ ಹುಡುಗಿ ನಗುತ್ತ ಬಂದಳು. “ನೀವು ಹೇಳ್ದಂಗೇ ಮಾಡ್ದೆ ಆಂಟಿ, ಸರಿಹೋಯ್ತು!”

ಹಿಗ್ಗಬೇಕಾಗಿತ್ತು. ಕೇಳಿಸಿದ್ದು ಅಮ್ಮನ ದನಿ.

“ಕೂತ್ಕೋಮ್ಮ” ಎಂದೆ. “ನಾನು ಬೇಜಾರು ಮಾಡ್ಕೊಳಲ್ಲ. ನಿಜವಾಗ್ಲೂ ಏನೇನು ಕೊಟ್ಟೆ, ಒಂದೊಂದಾಗಿ ಹೇಳು.”